ಸ್ಕೆಲ್‌ವೀಕ್ ಬಂದರಿನ ತಕ್ಕಡಿ

ವರ್ಷಕ್ಕೊಮ್ಮೆ ರೇಕ್ಯಾವಿಕ್‌ನಿಂದ ಬರುತ್ತಾನೆ ಮುದ್ರೆಯವನು,
ವ್ಯಾನಿನ ಹಿಂದೆ ಇಪ್ಪತ್ತಿಪ್ಪತ್ತು ಕಿಲೋದ ಕಬ್ಬಿಣದ ಬಟ್ಟುಗಳು.
ನಾನು ಬೀಗ ತೆಗೆಯುತ್ತೇನೆ, ಹಿಮ ಗುಡಿಸುತ್ತೇನೆ,
ಕಾಫಿಗೆ ನೀರಿಡುತ್ತೇನೆ.
ಬಂದರು ಅಂದಮೇಲೆ ತಕ್ಕಡಿ ಇರಬೇಕು,
ತಕ್ಕಡಿ ಅಂದಮೇಲೆ ಸರಿಯಾಗಿರಬೇಕು: ಕಾನೂನು.
ಮೀನು ಇರಬೇಕೆಂದು ಎಲ್ಲೂ ಬರೆದಿಲ್ಲ.

ನಾನು ಸ್ನೈಬ್ಯೋರ್ಗ್. ಮೂವತ್ತೇಳು ವರ್ಷ ಇಲ್ಲಿ ತೂಗಿದೆ
ಕಾಡ್, ಹ್ಯಾಡಕ್, ಹಲ್ಲು ಕಿರಿವ ತೋಳಮೀನು.
ಐಸು ಕಳೆದು, ತೊಟ್ಟಿಯ ತೂಕ ಕಳೆದು,
ಉಳಿದದ್ದನ್ನು ಮೂರು ಪ್ರತಿ ಬರೆದೆ:
ಒಂದು ದೋಣಿಗೆ, ಒಂದು ಕಾರ್ಖಾನೆಗೆ, ಒಂದು ಸರ್ಕಾರಕ್ಕೆ.
ಆ ಮೂರನೆಯದು ಎಲ್ಲಿಗೆ ಹೋಗಿ ಏನಾಗುತ್ತದೆಂದು
ಕೇಳಿದವಳಲ್ಲ.

ಕಡಲು ಬರಿದಾಗುತ್ತಿತ್ತು, ಅದು ಸುಳ್ಳಲ್ಲ.
ವರ್ಷದಿಂದ ವರ್ಷಕ್ಕೆ ಮೀನು ಗಿಡ್ಡ,
ಬಲೆಯ ಕಣ್ಣಿಗೇ ನಾಚಿಕೆಯಾಗುವಷ್ಟು.
ಯಾರಾದರೂ ತಡೆಯಬೇಕಿತ್ತು, ತಡೆದರು.
ಮೂರು ವರ್ಷದ ನನ್ನ ಚೀಟಿಗಳನ್ನು ಕೂಡಿಸಿ, ಭಾಗಿಸಿ,
ಯಾವ ದೋಣಿ ಎಷ್ಟು ತಂದಿತ್ತೋ ಅಷ್ಟು ಪಾಲು
ಆ ದೋಣಿಯ ಹೆಸರಿಗೆ, ಇನ್ನು ಮುಂದೆ, ಎಂದೆಂದಿಗೂ.
ಕೂಸು ಹುಟ್ಟುವ ಮುಂಚೆ ಹೊಲಿದ ಕುಲಾವಿ ಕೇಳಿದ್ದೆವು;
ಇದು ಮೊಟ್ಟೆ ಒಡೆಯುವ ಮುಂಚೆ ಹೊಲಿದ ಒಡೆತನ.
ನೀರಲ್ಲಿ ಮೀನಿನ ಹೆಜ್ಜೆ ಕಂಡವರಿಲ್ಲ.
ಬ್ಯಾಂಕು ಕಂಡಿತು. ಅಡವಿಟ್ಟುಕೊಂಡಿತು.

ಆ ಮೂರು ವರ್ಷವೂ ಕಾರ್ಖಾನೆಯ ಮೇಜಿನುದ್ದಕ್ಕೆ
ನಲವತ್ತು ಹೆಂಗಸರು ನಿಂತಿದ್ದರು,
ಮುಳ್ಳಿಗೊಂದು ಚೂರು ಮಾಂಸ ಬಿಡದಂತೆ ಚಾಕು ಇಳಿಸುತ್ತ.
ನನ್ನ ತಂಗಿ ಅಲ್ಡೀಸ್, ಪೋಲೆಂಡಿನಿಂದ ಬಂದ ಬೋಗುಮಿವಾ,
ಗಂಡನನ್ನು ಅದೇ ಕಡಲಿಗೆ ಕೊಟ್ಟ ಮುದುಕಿ ಪೆಟ್ರೀನಾ.
ಚಾಕುವಿಗೆ ಇತಿಹಾಸ ಇಲ್ಲವಂತೆ.
ದೋಣಿಗಿದೆ.
ಹಿಡಿದವನಿಗೆ ಕಡಲು; ಕೊಯ್ದವಳಿಗೆ ವಾರದ ಕೂಲಿ,
ಬಿರಿದ ಕೈಗೆ ಹಚ್ಚಲು ಒಂದು ಡಬ್ಬಿ ಮುಲಾಮು.

ಎಬೆನೆಸರ್ ಕೆಟ್ಟವನಲ್ಲ.
ಸೊಂಟ ಹೋಗಿತ್ತು, ಮಗಳಿಗೆ ದೋಣಿ ಹತ್ತಿದರೆ ವಾಂತಿ.
ಪಾಲು ಮಾರಬಹುದೆಂದಿತು ಕಾನೂನು. ಮಾರಿದ
ಒಂದು ಮಂಗಳವಾರ, ಫೋನಿನಲ್ಲಿ, ನಿಂತುಕೊಂಡೇ.
ಕೊಂಡವರು ನಮ್ಮ ಊರು ನೋಡಿದವರಲ್ಲ,
ನೋಡುವ ಅಗತ್ಯವೂ ಇರಲಿಲ್ಲ.
ಮೊದಲು ಐಸಿನ ಯಂತ್ರ ನಿಂತಿತು, ಆಮೇಲೆ ಮೇಜು,
ಆಮೇಲೆ ಬ್ರೆಡ್ಡಿನ ಅಂಗಡಿ, ಆಮೇಲೆ ಏಳನೇ ತರಗತಿ, ಆರನೆಯದು,
ಕೊನೆಗೆ ಉಳಿದ ಇಬ್ಬರು ಮಕ್ಕಳನ್ನು
ಗುಡ್ಡದಾಚೆಯ ಶಾಲೆಗೆ ಒಯ್ಯಲು ಒಂದು ಟ್ಯಾಕ್ಸಿ.
ನಮ್ಮ ಮನೆಗಳಿಗೂ ಒಂದು ಬೆಲೆ ಇತ್ತೆಂದು
ಗೊತ್ತಾದದ್ದು ಅದು ಹೋದಮೇಲೆ.
ಯಾರೂ ಏನನ್ನೂ ಕದಿಯಲಿಲ್ಲ.
ಎಲ್ಲದಕ್ಕೂ ರಸೀದಿ ಇದೆ.

ಮೀನು ಮರಳಿ ಬಂತು, ಅದನ್ನೂ ಹೇಳಬೇಕು.
ಈಗ ಮಾಗಿಯಲ್ಲಿ ಕಾಡ್ ಇಲ್ಲಿಯವರೆಗೂ ಬರುತ್ತದೆ,
ತೋಳುದ್ದ, ಕೊಬ್ಬಿದ್ದು,
ಕಟ್ಟೆಯ ಕಂಬಕ್ಕೆ ಮೈ ಉಜ್ಜಿಕೊಂಡು ಹೋಗುತ್ತದೆ.
ದೂರದಲ್ಲಿ ದೊಡ್ಡ ಹಡಗೊಂದು ದೀಪ ಹಚ್ಚಿಕೊಂಡು ಎಳೆಯುತ್ತದೆ,
ಒಳಗೇ ಕೊಯ್ದು, ಒಳಗೇ ಹೆಪ್ಪುಗಟ್ಟಿಸಿ,
ನಮ್ಮ ಕಡೆ ಮುಖ ತಿರುಗಿಸದೆ.
ನಿಯಮ ಗೆದ್ದಿತು. ಲೆಕ್ಕ ತಪ್ಪಿಲ್ಲ.
ಬೈಯಬೇಕೆಂದರೂ
ಎಲ್ಲಿಂದ ಶುರುಮಾಡಲೆಂದು ತಿಳಿಯುವುದಿಲ್ಲ ನನಗೆ:
ಬರೆದ ಚೀಟಿಗಳೆಲ್ಲ ನನ್ನದೇ ಕೈಬರಹ.

ಮುದ್ರೆಯವನು ಬಟ್ಟು ಒಂದೊಂದೇ ಏರಿಸುತ್ತಾನೆ.
ನೂರು. ಇನ್ನೂರು. ಅಂಕಿ ಅಲುಗುವುದಿಲ್ಲ.
ಈ ಸಲ ಹೊಸ ಹುಡುಗ. "ಕಳೆದ ವರ್ಷ ಏನು ತೂಗಿದಿರಿ?"
ನಮೂನೆಯಲ್ಲಿ ಅದಕ್ಕೊಂದು ಖಾನೆ ಇದೆಯಂತೆ.
ತಂಗಿಯ ಪಿಯಾನೊ, ಅನ್ನುತ್ತೇನೆ,
ಲಾರಿಗೆ ಏರಿಸುವ ಮುಂಚೆ. ಇನ್ನೂರ ಹನ್ನೊಂದು ಕಿಲೋ.
ಅವನು ನಗುವುದಿಲ್ಲ. ತುಸು ಯೋಚಿಸಿ
'ಇತರೆ' ಎಂದು ಬರೆದು,
ಸೀಸದ ಮುದ್ರೆ ಒತ್ತುತ್ತಾನೆ: ತಕ್ಕಡಿ ಸರಿಯಿದೆ.